ನಡು ವರ್ಷದಲ್ಲಿ ರಾಜ್ಯ ಬದಲಾದರೆ ಆದಾಯ ತೆರಿಗೆ ಯಾರ ಪಾಲು?

ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಉದ್ಯೋಗದಲ್ಲಿರುವ ಕನ್ನಡಿಗ ಎಂಜಿನಿಯರೊಬ್ಬರು ಜೂನ್ ಕೊನೆಯಲ್ಲಿ ಟೆಕ್ಸಾಸ್‌ನ ಆಸ್ಟಿನ್‌ಗೆ ವಾಸ ಬದಲಾಯಿಸುತ್ತಾರೆ ಎಂದಿಟ್ಟುಕೊಳ್ಳೋಣ. ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಎಂಬುದೇ ಇಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಕೇಂದ್ರ ಸರಕಾರಕ್ಕೆ ರಿಟರ್ನ್ ಸಲ್ಲಿಸಿ, ರಾಜ್ಯ ತೆರಿಗೆಯ ಗೊಡವೆ ತಪ್ಪಿತೆಂದು ನಿರಾಳವಾಗುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಹಳೆಯ ರಾಜ್ಯದಿಂದ ಪತ್ರ ಬರುತ್ತದೆ. ಆ ವರ್ಷದ ಮೊದಲ ಆರು ತಿಂಗಳ ರಿಟರ್ನ್ ಎಲ್ಲಿ ಎಂಬ ಪ್ರಶ್ನೆಯ ಜತೆಗೆ ಬಡ್ಡಿ ಮತ್ತು ದಂಡದ ಮಾತೂ ಅದರಲ್ಲಿರುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸಂಬಳ ನೀಡಿದ ಕಂಪನಿ ತನ್ನ ಲೆಕ್ಕವನ್ನು ರಾಜ್ಯಕ್ಕೆ ಆಗಲೇ ಒಪ್ಪಿಸಿರುತ್ತದೆ. ತೆರಿಗೆದಾರನ ಲೆಕ್ಕ ಮಾತ್ರ ಬಂದಿರುವುದಿಲ್ಲ.

ಉದ್ಯೋಗ ಬದಲಾವಣೆ, ಕೆಲಸ ಕಳೆದುಕೊಳ್ಳುವುದು, ಪ್ರಾಜೆಕ್ಟ್ ಮುಗಿಯುವುದು ಇತ್ಯಾದಿ ಕಾರಣಗಳಿಂದ ವರ್ಷದ ನಡುವೆಯೇ ರಾಜ್ಯದಿಂದ ರಾಜ್ಯಕ್ಕೆ ಹೋಗುವುದು ಅಮೆರಿಕದಲ್ಲಿರುವ ಕನ್ನಡಿಗರಿಗೆ ಹೊಸತೇನಲ್ಲ. ಆದರೆ ಹೀಗೆ ಹೋದ ವರ್ಷದ ರಾಜ್ಯ ತೆರಿಗೆಯನ್ನು ಲೆಕ್ಕ ಹಾಕುವ ಬಗೆ ಹಲವರಿಗೆ ಗೊಂದಲವೇ ಸರಿ. ಇದರ ಮೂಲಸೂತ್ರ ಇಷ್ಟೇ: ರಿಟರ್ನ್ ಸಲ್ಲಿಸುವ ದಿನ ಎಲ್ಲಿದ್ದೀರಿ ಎಂಬುದು ಮುಖ್ಯವಲ್ಲ, ಹಣ ಗಳಿಸಿದ ದಿನ ಎಲ್ಲಿ ವಾಸವಿದ್ದಿರಿ, ಎಲ್ಲಿ ಕುಳಿತು ದುಡಿದಿರಿ ಎಂಬುದು ಮುಖ್ಯ.

ಭಾರತದಲ್ಲಿಲ್ಲದ ತೊಡಕು

ಭಾರತದಿಂದ ಹೋದವರಿಗೆ ಈ ವ್ಯವಸ್ಥೆ ವಿಚಿತ್ರವೆನಿಸುವುದು ಸಹಜ. ನಮ್ಮ ಸಂವಿಧಾನದಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ಅಧಿಕಾರಕ್ಕೆ ಸೇರಿದೆ. ಬೆಂಗಳೂರಿನಿಂದ ಹೈದರಾಬಾದಿಗೋ ಪುಣೆಗೋ ವರ್ಗವಾದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಬದಲಾಗುವುದು ವಿಳಾಸ ಮಾತ್ರ. ಸಂಬಳದಲ್ಲಿ ರಾಜ್ಯಗಳು ಹಿಡಿಯುವ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯೇ ಮಿತಿ ಹಾಕಿದೆ.

ಅಮೆರಿಕದಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಆದಾಯ ತೆರಿಗೆ. ವಿಸ್ಕಾನ್ಸಿನ್ ರಾಜ್ಯ 1911ರಲ್ಲಿಯೇ ಆಧುನಿಕ ಮಾದರಿಯ ಆದಾಯ ತೆರಿಗೆ ತಂದಿತ್ತು; ಕೇಂದ್ರಕ್ಕೆ ಈ ಅಧಿಕಾರವನ್ನು ಖಚಿತಪಡಿಸಿದ 16ನೇ ತಿದ್ದುಪಡಿ ಬಂದದ್ದು 1913ರಲ್ಲಿ. ಇಂದು 41 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ಸಂಬಳದ ಮೇಲೆ ತೆರಿಗೆ ವಿಧಿಸುತ್ತವೆ. ಸಾಮಾನ್ಯ ಸಂಬಳಕ್ಕೆ ತೆರಿಗೆ ಹಾಕದ ರಾಜ್ಯಗಳು ಒಂಬತ್ತು: ಅಲಾಸ್ಕಾ, ಫ್ಲಾರಿಡಾ, ನೆವಾಡ, ನ್ಯೂ ಹ್ಯಾಂಪ್‌ಷೈರ್, ಸೌತ್ ಡಕೋಟ, ಟೆನೆಸ್ಸಿ, ಟೆಕ್ಸಾಸ್, ವಾಷಿಂಗ್ಟನ್ ಮತ್ತು ವಯೋಮಿಂಗ್. ಉಳಿದೆಡೆ ಒಂದೊಂದು ರಾಜ್ಯದ ದರ ಒಂದೊಂದು ಬಗೆ. ಪೆನ್ಸಿಲ್ವೇನಿಯದಲ್ಲಿ ಎಲ್ಲರಿಗೂ ಶೇ. 3.07, ಇಲಿನಾಯ್‌ನಲ್ಲಿ ಶೇ. 4.95. ಕ್ಯಾಲಿಫೋರ್ನಿಯದಲ್ಲಿ ಆದಾಯ ಏರಿದಂತೆ ದರವೂ ಏರಿ, ಅತಿ ಶ್ರೀಮಂತರಿಗೆ ಶೇ. 13.3 ತಲುಪುತ್ತದೆ.

ನಿವಾಸಿ ಎಂದರೆ ಗ್ರೀನ್ ಕಾರ್ಡ್ ಅಲ್ಲ

ಮೊದಲು ನಿವಾರಿಸಿಕೊಳ್ಳಬೇಕಾದ ಗೊಂದಲ ‘ರೆಸಿಡೆಂಟ್’ ಎಂಬ ಪದದ್ದು. ವಲಸೆ ಕಾನೂನಿನ ರೆಸಿಡೆಂಟ್ ಬೇರೆ, ರಾಜ್ಯ ತೆರಿಗೆಯ ರೆಸಿಡೆಂಟ್ ಬೇರೆ. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡ್‌ಗಾಗಿ ಕಾಯುತ್ತಿರುವವರೂ ತಾವು ನೆಲೆಸಿರುವ ರಾಜ್ಯದ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ನಿವಾಸಿಗಳೇ ಆಗಿರುತ್ತಾರೆ.

ರಾಜ್ಯಗಳು ತೆರಿಗೆದಾರರನ್ನು ಮೂರು ಬಗೆಯಾಗಿ ನೋಡುತ್ತವೆ. ವರ್ಷವಿಡೀ ಅಲ್ಲಿಯೇ ನೆಲೆಸಿದವರು ಪೂರ್ಣ ನಿವಾಸಿಗಳು. ವರ್ಷದ ನಡುವೆ ಬಂದವರು ಅಥವಾ ಹೋದವರು ‘ಪಾರ್ಟ್ ಇಯರ್ ರೆಸಿಡೆಂಟ್’, ಅಂದರೆ ವರ್ಷದ ಒಂದು ಭಾಗಕ್ಕೆ ಮಾತ್ರ ನಿವಾಸಿಗಳು. ಅಲ್ಲಿ ನೆಲೆಸದೆ ದುಡಿಮೆಯನ್ನಷ್ಟೇ ಪಡೆದವರು ಅನಿವಾಸಿಗಳು. ರಾಜ್ಯ ಬದಲಿಸಿದವರು ಸಾಮಾನ್ಯವಾಗಿ ಎರಡೂ ರಾಜ್ಯಗಳಲ್ಲಿ ಭಾಗಶಃ ನಿವಾಸಿಗಳಾಗುತ್ತಾರೆ. ಎರಡರಲ್ಲಿಯೂ ತೆರಿಗೆಯಿದ್ದರೆ ಎರಡು ರಿಟರ್ನ್. ಒಂದರಲ್ಲಿ ಮಾತ್ರ ಇದ್ದರೆ ಆ ಒಂದಕ್ಕೆ ರಿಟರ್ನ್.

ಪ್ರತಿ ರಾಜ್ಯಕ್ಕೂ ಇದಕ್ಕೆ ಬೇರೆ ನಮೂನೆಯಿದೆ. ಕ್ಯಾಲಿಫೋರ್ನಿಯಕ್ಕೆ 540ಎನ್‌ಆರ್, ನ್ಯೂಯಾರ್ಕ್‌ಗೆ ಐಟಿ-203, ವರ್ಜೀನಿಯಕ್ಕೆ 760ಪಿವೈ. ಇಲಿನಾಯ್‌ನಲ್ಲಿ ಸಾಮಾನ್ಯ ನಮೂನೆಯಾದ ಐಎಲ್-1040ರ ಜತೆ ‘ಶೆಡ್ಯೂಲ್ ಎನ್‌ಆರ್’ ಲಗತ್ತಿಸಬೇಕು. ನ್ಯೂಜೆರ್ಸಿಯಲ್ಲಿ ನಿವಾಸಿಗಳ ಎನ್‌ಜೆ-1040 ನಮೂನೆಯನ್ನೇ ಭಾಗಶಃ ನಿವಾಸಿಗಳೂ ಬಳಸುತ್ತಾರೆ.

ವಾಸ ಬದಲಾದದ್ದು ಯಾವ ದಿನ ಎಂಬುದನ್ನು ನಿರ್ಧರಿಸುವುದು ಸಾಮಾನು ಸಾಗಿಸಿದ ಲಾರಿಯಷ್ಟೇ ಅಲ್ಲ. ಹಳೆಯ ನೆಲೆಯನ್ನು ಬಿಟ್ಟು ಹೊಸದರಲ್ಲಿ ನೆಲೆಗೊಳ್ಳುವ ಉದ್ದೇಶವಿತ್ತೇ ಎಂಬುದನ್ನು ರಾಜ್ಯಗಳು ನೋಡುತ್ತವೆ. ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿ, ಮಕ್ಕಳ ಶಾಲೆ, ಬ್ಯಾಂಕಿನ ವಿಳಾಸ ಇವೆಲ್ಲ ಸಾಕ್ಷ್ಯಗಳೇ. ಟೆಕ್ಸಾಸ್‌ನಲ್ಲಿ ಹೊಸದಾಗಿ ನೆಲೆಸಿದವರು ವಾಹನವನ್ನು 30 ದಿನಗಳೊಳಗೆ ನೋಂದಾಯಿಸಿ, ಲೈಸೆನ್ಸನ್ನು 90 ದಿನಗಳೊಳಗೆ ಬದಲಾಯಿಸಿಕೊಳ್ಳಬೇಕು. ಕ್ಯಾಲಿಫೋರ್ನಿಯದಲ್ಲಿ ಲೈಸೆನ್ಸ್‌ಗೆ 10 ದಿನ, ವಾಹನಕ್ಕೆ 20 ದಿನದ ಗಡುವು. ಈ ಬಗೆಯ ಪಟ್ಟಿಗಳಲ್ಲಿ ಮತದಾರರ ನೋಂದಣಿಯೂ ಕಾಣಸಿಗುತ್ತದೆ. ಅಮೆರಿಕದ ಪೌರತ್ವ ಪಡೆಯದವರು ಅದರ ತಂಟೆಗೆ ಹೋಗಲೇಬಾರದು. ಲೈಸೆನ್ಸ್ ಕಚೇರಿಯ ಅರ್ಜಿಯಲ್ಲಿ ಆ ಪ್ರಶ್ನೆಯಿದ್ದರೆ ಎಚ್ಚರದಿಂದ ‘ಇಲ್ಲ’ ಎಂದೇ ಗುರುತು ಮಾಡಬೇಕು.

ಹಳೆಯ ಮನೆಯನ್ನು ಇಟ್ಟುಕೊಂಡು ಹೋಗುವವರಿಗೆ ಇನ್ನೊಂದು ಅಪಾಯವಿದೆ. ನ್ಯೂಯಾರ್ಕ್‌ನಲ್ಲಿ ಕಾಯಂ ವಾಸಯೋಗ್ಯ ಮನೆಯನ್ನು ಹೊಂದಿ, ವರ್ಷದಲ್ಲಿ 184 ಅಥವಾ ಅದಕ್ಕೂ ಹೆಚ್ಚು ದಿನ ಆ ರಾಜ್ಯದಲ್ಲಿದ್ದವರನ್ನು, ಅವರ ಮೂಲ ನೆಲೆ ಬೇರೆಡೆಯಿದ್ದರೂ ನಿವಾಸಿಯೆಂದೇ ಪರಿಗಣಿಸಬಹುದು.

ಅರ್ಧ ವರ್ಷಕ್ಕೆ ಅರ್ಧ ತೆರಿಗೆ?

ಆರು ತಿಂಗಳು ಮಾತ್ರ ಇದ್ದ ರಾಜ್ಯಕ್ಕೆ ಆರು ತಿಂಗಳ ಸಂಬಳವನ್ನಷ್ಟೇ ತೋರಿಸಿದರೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ನ್ಯೂಜೆರ್ಸಿಯ ಮಟ್ಟಿಗೆ ಅದು ಬಹುಪಾಲು ನಿಜ. ಅಲ್ಲಿ ನಿವಾಸಿಯಾಗಿದ್ದ ಅವಧಿಯ ಆದಾಯವನ್ನು ತೋರಿಸಿ, ವಿನಾಯಿತಿಗಳನ್ನು ತಿಂಗಳ ಲೆಕ್ಕದಲ್ಲಿ ಕಡಿತಗೊಳಿಸಿಕೊಳ್ಳಬೇಕು. ಆದರೆ ರಿಟರ್ನ್ ಸಲ್ಲಿಸಬೇಕೇ ಬೇಡವೇ ಎಂಬುದನ್ನು ಇಡೀ ವರ್ಷದ ಆದಾಯ ನೋಡಿಯೇ ನಿರ್ಧರಿಸಲಾಗುತ್ತದೆ.

ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕ್‌ಗಳ ಕ್ರಮ ಬೇರೆ. ತೆರಿಗೆದಾರ ವರ್ಷವಿಡೀ ತಮ್ಮಲ್ಲಿಯೇ ಇದ್ದನೆಂದು ಭಾವಿಸಿ ಒಟ್ಟು ಆದಾಯಕ್ಕೆ ತೆರಿಗೆ ಲೆಕ್ಕ ಹಾಕಿ, ಅದರಲ್ಲಿ ತಮ್ಮ ರಾಜ್ಯದ ಆದಾಯದ ಪ್ರಮಾಣಕ್ಕೆ ತಕ್ಕ ಪಾಲನ್ನು ಇವು ಪಡೆಯುತ್ತವೆ. ಮೇಲಿನ ಎಂಜಿನಿಯರ್‌ರ ಉದಾಹರಣೆಯಿಂದ ಇದನ್ನು ಅರಿಯಬಹುದು. ಅವರು ಅವಿವಾಹಿತರು, ಕ್ಯಾಲಿಫೋರ್ನಿಯದಲ್ಲಿ 60,000 ಡಾಲರ್, ಟೆಕ್ಸಾಸ್‌ನಲ್ಲಿ 60,000 ಡಾಲರ್ ಗಳಿಸಿದರು ಎನ್ನೋಣ. 2024ರ ದರಗಳ ಪ್ರಕಾರ 60,000 ಡಾಲರ್‌ಗೆ ಮಾತ್ರ ಲೆಕ್ಕ ಹಾಕಿದರೆ, ಸಾಮಾನ್ಯ ಕಡಿತ ಕಳೆದು, ತೆರಿಗೆ ಸುಮಾರು 1,850 ಡಾಲರ್. ಆದರೆ ಕ್ಯಾಲಿಫೋರ್ನಿಯ 1,20,000 ಡಾಲರ್‌ಗೆ ಲೆಕ್ಕ ಹಾಕುತ್ತದೆ. ಅದು ಸುಮಾರು 7,200 ಡಾಲರ್. ಅದರಲ್ಲಿ ಅರ್ಧ, ಅಂದರೆ ಸುಮಾರು 3,600 ಡಾಲರ್ ಕಟ್ಟಬೇಕಾಗುತ್ತದೆ. ಚಿಕ್ಕಪುಟ್ಟ ರಿಯಾಯಿತಿಗಳನ್ನು ಈ ಲೆಕ್ಕದಲ್ಲಿ ಬಿಟ್ಟಿದೆ.

ಇದರರ್ಥ ಟೆಕ್ಸಾಸ್‌ನ ಸಂಬಳಕ್ಕೆ ಕ್ಯಾಲಿಫೋರ್ನಿಯ ತೆರಿಗೆ ಹಾಕಿತೆಂದಲ್ಲ. ವರ್ಷಕ್ಕೆ 1,20,000 ಗಳಿಸುವವನಿಗೆ 60,000 ಗಳಿಸುವವನ ಕೆಳದರ ಸಿಗಬಾರದು ಎಂಬುದು ಇದರ ಹಿಂದಿನ ತರ್ಕ. ಆದಾಯವನ್ನು ಎರಡು ರಾಜ್ಯಗಳಿಗೆ ಹಂಚುವಾಗ ಸಂಬಳದ ಚೀಟಿಗಳನ್ನೇ ಆಧಾರವಾಗಿಟ್ಟುಕೊಳ್ಳುವುದು ಸೂಕ್ತ. ದಿನಗಳ ಲೆಕ್ಕದಲ್ಲಿ ಸರಾಸರಿ ಹಂಚುವ ಕ್ರಮ, ಎರಡು ಕಡೆಯ ಸಂಬಳ ಬೇರೆ ಬೇರೆಯಾಗಿದ್ದಾಗ ತಪ್ಪು ಚಿತ್ರ ನೀಡುತ್ತದೆ.

ಹಿಂದೆ ದುಡಿದದ್ದು, ಮುಂದೆ ಬಂದದ್ದು

ಸಂಬಳಕ್ಕಿಂತ ಜಟಿಲವಾದದ್ದು ಕಂಪನಿ ನೀಡುವ ಷೇರು. ‘ಆರ್‌ಎಸ್‌ಯು’ ಎಂದು ಕರೆಯಲಾಗುವ ಈ ಷೇರುಗಳನ್ನು ಕಂಪನಿ ಒಂದು ವರ್ಷ ಘೋಷಿಸಿ, ಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ಕೈಗೊಪ್ಪಿಸುತ್ತದೆ. ಆಸ್ಟಿನ್‌ಗೆ ಹೋದ ಮೇಲೆ ಕೈಸೇರಿದ ಷೇರಿಗೆ ಕ್ಯಾಲಿಫೋರ್ನಿಯದ ಹಂಗಿಲ್ಲ ಎಂದು ಭಾವಿಸುವಂತಿಲ್ಲ. ಘೋಷಣೆಯ ದಿನದಿಂದ ಕೈಸೇರಿದ ದಿನದವರೆಗಿನ ಕೆಲಸದ ದಿನಗಳಲ್ಲಿ ಎಷ್ಟು ದಿನ ಕ್ಯಾಲಿಫೋರ್ನಿಯದಲ್ಲಿ ದುಡಿದರೋ ಅಷ್ಟು ಪಾಲಿನ ಮೇಲೆ ಆ ರಾಜ್ಯಕ್ಕೆ ಹಕ್ಕಿದೆ. ಹೀಗಾಗಿ ಊರು ಬಿಟ್ಟು ಎರಡು ವರ್ಷವಾದರೂ ಅನಿವಾಸಿಯಾಗಿ 540ಎನ್‌ಆರ್ ಸಲ್ಲಿಸುವ ಪ್ರಸಂಗ ಬರಬಹುದು.

ಹಳೆಯ ರಾಜ್ಯದಲ್ಲಿ ಮಾಡಿದ ಕೆಲಸಕ್ಕಾಗಿ ತಡವಾಗಿ ಬಂದ ಬೋನಸ್, ಕೆಲಸದಿಂದ ತೆಗೆಯುವಾಗ ನೀಡಿದ ಪರಿಹಾರಧನಗಳಿಗೂ ಇದೇ ಬಗೆಯ ಪ್ರಶ್ನೆ ಎದುರಾಗುತ್ತದೆ. ನಿವೃತ್ತಿ ವೇತನದ ವಿಷಯದಲ್ಲಿ ಮಾತ್ರ ನೆಮ್ಮದಿಯಿದೆ. 401(ಕೆ) ಮೊದಲಾದ ನಿವೃತ್ತಿ ನಿಧಿಗಳಿಂದ ಪಡೆಯುವ ಹಣಕ್ಕೆ ಅನಿವಾಸಿಗಳ ಮೇಲೆ ಹಳೆಯ ರಾಜ್ಯ ತೆರಿಗೆ ಹಾಕದಂತೆ 1996ರ ಕೇಂದ್ರ ಕಾನೂನು ತಡೆದಿದೆ.

ಮನೆಯಿಂದ ಕೆಲಸ, ಕಚೇರಿಗೆ ತೆರಿಗೆ

ಹೊಸ ರಾಜ್ಯಕ್ಕೆ ಹೋದರೂ ಹಳೆಯ ಕಂಪನಿಯ ಕೆಲಸವನ್ನು ಮನೆಯಿಂದಲೇ ಮುಂದುವರಿಸುವವರಿದ್ದಾರೆ. ಹೆಚ್ಚಿನ ರಾಜ್ಯಗಳಲ್ಲಿ ಎಲ್ಲಿ ಕುಳಿತು ಕೆಲಸ ಮಾಡಿದರೋ ಆ ರಾಜ್ಯಕ್ಕೆ ತೆರಿಗೆ. ನ್ಯೂಯಾರ್ಕ್ ಇದಕ್ಕೆ ಅಪವಾದ. ನೌಕರ ತನ್ನ ಅನುಕೂಲಕ್ಕಾಗಿ ಹೊರರಾಜ್ಯದ ಮನೆಯಿಂದ ದುಡಿದರೆ, ಆ ದಿನಗಳನ್ನೂ ನ್ಯೂಯಾರ್ಕ್ ಕಚೇರಿಯ ದಿನಗಳೆಂದೇ ಆ ರಾಜ್ಯ ಎಣಿಸುತ್ತದೆ. ಕಂಪನಿಯ ಅಗತ್ಯಕ್ಕಾಗಿಯೇ ಹೊರಗಿದ್ದು ದುಡಿಯಬೇಕಾಯಿತು ಎಂದು ತೋರಿಸಿದರಷ್ಟೇ ಬಿಡುಗಡೆ.

ಒಂದೇ ಆದಾಯಕ್ಕೆ ಎರಡು ರಾಜ್ಯಗಳು ತೆರಿಗೆ ಹಾಕಿದಾಗ ಸಾಮಾನ್ಯವಾಗಿ ವಾಸವಿರುವ ರಾಜ್ಯ, ಬೇರೆಡೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಡುತ್ತದೆ. ಜೆರ್ಸಿ ಸಿಟಿಯಲ್ಲಿದ್ದು ಮ್ಯಾನ್‌ಹಟನ್‌ಗೆ ಹೋಗಿ ಬರುವವರಿಗೆ ಇದು ಪರಿಚಿತ. ಅವರು ನ್ಯೂಯಾರ್ಕ್‌ಗೆ ಅನಿವಾಸಿಯಾಗಿ ತೆರಿಗೆ ಕಟ್ಟಿ, ನ್ಯೂಜೆರ್ಸಿಯಲ್ಲಿ ವಜಾ ಪಡೆಯುತ್ತಾರೆ. ಮೇರಿಲ್ಯಾಂಡ್‌ನ ದಂಪತಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ನೀಡಿ, ಬೇರೆಡೆ ಕಟ್ಟಿದ ತೆರಿಗೆಗೆ ಕೌಂಟಿ ತೆರಿಗೆಯಲ್ಲಿ ವಜಾ ನಿರಾಕರಿಸುವ ಪದ್ಧತಿ ಸಂವಿಧಾನಬಾಹಿರ ಎಂದಿತ್ತು. ಆದರೆ ಟೆಕ್ಸಾಸ್‌ಗೆ ಹೋಗಿ ನ್ಯೂಯಾರ್ಕ್ ಕೆಲಸ ಮುಂದುವರಿಸಿದವರಿಗೆ ವಜಾ ಸಿಗುವುದೆಲ್ಲಿ? ಅಲ್ಲಿ ತೆರಿಗೆಯೇ ಇಲ್ಲವಾದ್ದರಿಂದ ನ್ಯೂಯಾರ್ಕ್‌ನ ಹೊರೆ ಪೂರ್ತಿಯಾಗಿ ಅವರ ಮೇಲೆಯೇ ಬೀಳುತ್ತದೆ.

ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯ, ಮೇರಿಲ್ಯಾಂಡ್ ಮತ್ತು ವರ್ಜೀನಿಯಗಳಂಥ ಕೆಲವು ನೆರೆರಾಜ್ಯಗಳ ನಡುವೆ ಒಪ್ಪಂದವಿದ್ದು, ಗಡಿ ದಾಟಿ ಗಳಿಸಿದ ಸಂಬಳಕ್ಕೆ ವಾಸದ ರಾಜ್ಯಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. ಇನ್ನು ನ್ಯೂಯಾರ್ಕ್ ನಗರ ತನ್ನ ನಿವಾಸಿಗಳ ಮೇಲೆ ಪ್ರತ್ಯೇಕ ಆದಾಯ ತೆರಿಗೆ ಹಾಕುತ್ತದೆ. ನಗರದಿಂದ ಹೊರಟವರು ರಾಜ್ಯದ ಜತೆಗೆ ನಗರದ ವಾಸದ ಅವಧಿಯನ್ನೂ ಬೇರೆಯಾಗಿ ತೋರಿಸಬೇಕು.

ಗಂಡ ಅಲ್ಲಿ, ಹೆಂಡತಿ ಇಲ್ಲಿ

ಮಕ್ಕಳ ಶಾಲೆ ಮುಗಿಯಲೆಂದು ಒಬ್ಬರು ಹಿಂದೆ ಉಳಿದು, ಇನ್ನೊಬ್ಬರು ಮುಂದೆ ಹೋಗುವುದು ಸಂಸಾರಗಳಲ್ಲಿ ಸಾಮಾನ್ಯ. ಆಗ ಇಬ್ಬರ ವಾಸ ಬದಲಾದ ದಿನಾಂಕಗಳೂ ಬೇರೆ ಬೇರೆ. ಕ್ಯಾಲಿಫೋರ್ನಿಯ, ಟೆಕ್ಸಾಸ್, ವಾಷಿಂಗ್ಟನ್ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ದಂಪತಿಯ ಗಳಿಕೆ ಇಬ್ಬರಿಗೂ ಸಮಾನ ಸ್ವತ್ತು ಎಂಬ ಕಾನೂನಿದೆ. ಹಾಗಾಗಿ ಟೆಕ್ಸಾಸ್‌ನಲ್ಲಿ ನೆಲೆಸಿದ ಗಂಡ ಅಲ್ಲಿ ಗಳಿಸಿದ ಸಂಬಳದ ಅರ್ಧಭಾಗವನ್ನು, ಕ್ಯಾಲಿಫೋರ್ನಿಯದಲ್ಲಿಯೇ ಉಳಿದ ಹೆಂಡತಿಯ ಆದಾಯವೆಂದು ಕ್ಯಾಲಿಫೋರ್ನಿಯ ಪರಿಗಣಿಸುತ್ತದೆ. ಸಂಸಾರ ಎರಡು ಕಡೆಯಿದ್ದ ವರ್ಷದಲ್ಲಿ ಲೆಕ್ಕ ಪರಿಶೋಧಕರನ್ನು ಕಾಣುವುದು ದುಂದುವೆಚ್ಚವೇನೂ ಅಲ್ಲ.

ಕರ್ನಾಟಕದ ಬಾಡಿಗೆ, ಬಡ್ಡಿಯ ಗತಿ

ಅಮೆರಿಕದ ರಾಜ್ಯಗಳು ತಮ್ಮ ನಿವಾಸಿಗಳ ಜಾಗತಿಕ ಆದಾಯಕ್ಕೆ ತೆರಿಗೆ ಹಾಕುತ್ತವೆ. ಬೆಂಗಳೂರಿನ ಮನೆಯ ಬಾಡಿಗೆ, ಮಂಗಳೂರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ ಎಲ್ಲವೂ ಇದರಲ್ಲಿ ಸೇರುತ್ತವೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲದಿದ್ದರೂ ಅಲ್ಲಿ ಇದೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕೇಂದ್ರದ ರಿಟರ್ನ್‌ನಲ್ಲಿ ವಜಾ ಸಿಗುತ್ತದೆ. ಕ್ಯಾಲಿಫೋರ್ನಿಯ ಮತ್ತು ನ್ಯೂಜೆರ್ಸಿಗಳಲ್ಲಿ ವಿದೇಶಿ ತೆರಿಗೆಗೆ ಅಂಥ ವಜಾ ಇಲ್ಲ. ಉಭಯ ದೇಶಗಳ ತೆರಿಗೆ ಒಪ್ಪಂದಕ್ಕೂ ಈ ಎರಡು ರಾಜ್ಯಗಳು ಬದ್ಧವಾಗಿಲ್ಲ.

ಆದ್ದರಿಂದ ವಾಸ ಬದಲಾದ ವರ್ಷದಲ್ಲಿ ದಿನಾಂಕಕ್ಕೆ ಬೆಲೆ ಬರುತ್ತದೆ. ಮೈಸೂರಿನ ನಿವೇಶನವನ್ನು ಕ್ಯಾಲಿಫೋರ್ನಿಯದಲ್ಲಿದ್ದಾಗ ಮಾರಿದರೆ ಆ ಲಾಭದ ಮೇಲೆ ಕ್ಯಾಲಿಫೋರ್ನಿಯಕ್ಕೆ ತೆರಿಗೆ. ಟೆಕ್ಸಾಸ್‌ನಲ್ಲಿ ನೆಲೆಸಿದ ನಂತರ ಮಾರಿದರೆ ನೇರ ತೆರಿಗೆಯಿಲ್ಲ. ಆದರೆ ಅದೇ ವರ್ಷದಲ್ಲಿ ಮಾರಿದ್ದರೆ ಒಟ್ಟು ಆದಾಯ ಹೆಚ್ಚಿ, ಮೊದಲ ಆರು ತಿಂಗಳ ಸಂಬಳಕ್ಕೆ ಅನ್ವಯವಾಗುವ ದರ ಏರಬಹುದು.

ಡಬ್ಲ್ಯು-2 ಪತ್ರವನ್ನು ಓದುವ ಬಗೆ

ಕಂಪನಿಗಳು ಜನವರಿ ಕೊನೆಯೊಳಗೆ ನೀಡುವ ಡಬ್ಲ್ಯು-2 ಪತ್ರದಲ್ಲಿ 15ರಿಂದ 17ರವರೆಗಿನ ಮನೆಗಳು ರಾಜ್ಯಕ್ಕೆ ಸಂಬಂಧಿಸಿದವು. ಯಾವ ರಾಜ್ಯ, ಅಲ್ಲಿನ ಸಂಬಳವೆಷ್ಟು, ಹಿಡಿದ ತೆರಿಗೆಯೆಷ್ಟು ಎಂಬುದು ಅಲ್ಲಿರುತ್ತದೆ. ವಿಳಾಸ ಬದಲಾದದ್ದನ್ನು ಕಂಪನಿಯ ಸಂಬಳ ವಿಭಾಗಕ್ಕೆ ತಿಳಿಸದಿದ್ದರೆ ಇಡೀ ವರ್ಷದ ಸಂಬಳ ಹಳೆಯ ರಾಜ್ಯದ ಹೆಸರಿನಲ್ಲಿಯೇ ಬಂದುಬಿಡುತ್ತದೆ.

ಆಗ ‘ಹಳೆಯ ರಾಜ್ಯಕ್ಕೆ ಕಟ್ಟಾಗಿದೆಯಲ್ಲ, ಹೊಸ ರಾಜ್ಯದಲ್ಲಿ ವಜಾ ಕೇಳಿದರಾಯಿತು’ ಎಂದು ಹೇಳಿದರೆ ನಡೆಯದು. ತಪ್ಪಾಗಿ ಹಿಡಿದ ಹಣ ನ್ಯಾಯವಾಗಿ ಸಲ್ಲಬೇಕಾದ ತೆರಿಗೆಯಲ್ಲ. ಅದನ್ನು ಹಳೆಯ ರಾಜ್ಯದಿಂದ ಮರಳಿ ಪಡೆದು, ಹೊಸ ರಾಜ್ಯಕ್ಕೆ ಬೇರೆಯಾಗಿ ಕಟ್ಟಬೇಕು. ಮೊದಲು ಕಂಪನಿಯಿಂದ ತಿದ್ದುಪಡಿಯಾದ ಡಬ್ಲ್ಯು-2ಸಿ ಪತ್ರ ಕೇಳುವುದು ಒಳ್ಳೆಯದು. ನ್ಯೂಯಾರ್ಕ್‌ನ ಪತ್ರಗಳಲ್ಲಿ ಮಾತ್ರ, ಅಲ್ಲಿ ಕೆಲವೇ ತಿಂಗಳು ದುಡಿದಿದ್ದರೂ ವರ್ಷದ ಪೂರ್ತಿ ಸಂಬಳ ಕಾಣುತ್ತದೆ. ಅದು ಆ ರಾಜ್ಯದ ನಿಯಮ, ತಪ್ಪಲ್ಲ. ತನ್ನ ಪಾಲನ್ನು ಐಟಿ-203ರಲ್ಲಿ ತೆರಿಗೆದಾರನೇ ಬಿಡಿಸಿ ತೋರಿಸಬೇಕು.

ತಂತ್ರಾಂಶದಲ್ಲಿ ತುಂಬುವಾಗ ಕ್ರಮ ಮುಖ್ಯ. ಮೊದಲು ಕೇಂದ್ರದ ರಿಟರ್ನ್, ಆಮೇಲೆ ಅನಿವಾಸಿಯಾಗಿರುವ ರಾಜ್ಯದ್ದು, ಕೊನೆಯಲ್ಲಿ ವಾಸದ ರಾಜ್ಯದ್ದು. ವಜಾ ಎಷ್ಟೆಂಬುದು ಅನಿವಾಸಿ ರಿಟರ್ನ್‌ನಿಂದಲೇ ತಿಳಿಯಬೇಕಾದ್ದರಿಂದ ಈ ಕ್ರಮ.

ಗಡುವು ಬಹುತೇಕ ರಾಜ್ಯಗಳಲ್ಲಿ ಕೇಂದ್ರದಂತೆಯೇ ಏಪ್ರಿಲ್ 15. ವರ್ಜೀನಿಯದಲ್ಲಿ ಮೇ 1. ಹೆಚ್ಚುವರಿ ಸಮಯ ಕೋರಿದರೆ ಅದು ರಿಟರ್ನ್ ಸಲ್ಲಿಸಲು ಮಾತ್ರ. ಹಣ ಕಟ್ಟುವ ದಿನ ಮುಂದಕ್ಕೆ ಹೋಗುವುದಿಲ್ಲ. ಸ್ಥಳಾಂತರದ ಖರ್ಚಿಗೆ ಕೇಂದ್ರದಲ್ಲಿ ಇದ್ದ ಕಡಿತ 2018ರಿಂದ ಸ್ಥಗಿತಗೊಂಡು, 2025ರ ಕಾನೂನಿನಿಂದ, ಸೈನಿಕರು ಮೊದಲಾದ ಕೆಲವರ ಹೊರತು, ಶಾಶ್ವತವಾಗಿ ರದ್ದಾಗಿದೆ. ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳು ಅದನ್ನು ಈಗಲೂ ಷರತ್ತಿನೊಂದಿಗೆ ಒಪ್ಪುತ್ತವೆ. ಆದ್ದರಿಂದ ಸಾಗಣೆಯ ರಸೀದಿಗಳನ್ನು ಎಸೆಯಬಾರದು.

ಸಲ್ಲಿಸದಿದ್ದರೆ ಏನಾದೀತು?

ಸಲ್ಲಿಸಿದ ರಿಟರ್ನ್ ಅನ್ನು ಮರುಪರಿಶೀಲಿಸಲು ರಾಜ್ಯಗಳಿಗೆ ಕಾಲಮಿತಿಯಿದೆ. ನ್ಯೂಯಾರ್ಕ್‌ನಲ್ಲಿ ಅದು ಸಾಮಾನ್ಯವಾಗಿ ಮೂರು ವರ್ಷ, ಕ್ಯಾಲಿಫೋರ್ನಿಯದಲ್ಲಿ ನಾಲ್ಕು. ಸಲ್ಲಿಸದೇ ಇದ್ದ ರಿಟರ್ನ್‌ಗೆ ಈ ಗಡಿಯಾರ ಓಡಲು ಆರಂಭವಾಗುವುದೇ ಇಲ್ಲ. ಹತ್ತು ವರ್ಷಗಳ ನಂತರವೂ ಕೇಳಬಹುದು. ಇನ್ನೊಂದೆಡೆ, ಹಳೆಯ ರಾಜ್ಯ ಹೆಚ್ಚು ತೆರಿಗೆ ಹಿಡಿದಿದ್ದರೆ ಅದನ್ನು ಮರಳಿ ಪಡೆಯಲು ತೆರಿಗೆದಾರನಿಗಿರುವ ಅವಧಿ ಮಾತ್ರ ಮುಗಿದುಹೋಗುತ್ತದೆ.

ವಲಸಿಗರಿಗೆ ಇದರ ಬಿಸಿ ಇನ್ನೊಂದು ಬಗೆಯಲ್ಲಿಯೂ ತಟ್ಟುತ್ತದೆ. ಅಮೆರಿಕದ ಪೌರತ್ವಕ್ಕೆ ಸಲ್ಲಿಸುವ ಎನ್-400 ಅರ್ಜಿಯಲ್ಲಿ ಕೇಂದ್ರ, ರಾಜ್ಯ ಅಥವಾ ಸ್ಥಳೀಯ ತೆರಿಗೆ ಬಾಕಿಯಿದೆಯೇ ಎಂಬ ಪ್ರಶ್ನೆಯಿದೆ. ಎಚ್-1ಬಿ ನೌಕರರು ವಿಳಾಸ ಬದಲಾದ 10 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಕೆಲಸದ ಸ್ಥಳ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ವಲಸೆ ದಾಖಲೆಯಲ್ಲಿ ಒಂದು ದಿನಾಂಕ, ತೆರಿಗೆ ರಿಟರ್ನ್‌ನಲ್ಲಿ ಇನ್ನೊಂದು ದಿನಾಂಕ ಕಂಡರೆ ಅದಕ್ಕೆ ಉತ್ತರಿಸುವ ಹೊಣೆ ನೌಕರನದೇ.

ಹೊಸ ಊರಿನಲ್ಲಿ ಹಾಲುಕ್ಕಿಸುವ ಸಂಭ್ರಮದ ನಡುವೆ ಇದನ್ನೆಲ್ಲ ನೆನಪಿಡುವುದು ಕಷ್ಟವೇ. ಆದರೆ ಆ ವಾರದಲ್ಲಿಯೇ ಮಾಡಬಹುದಾದ ಕೆಲಸ ಹೆಚ್ಚಿಲ್ಲ. ಹೊರಟ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು. ಆ ದಿನಕ್ಕೆ ಹತ್ತಿರದ ಸಂಬಳದ ಚೀಟಿ, ಹಳೆಯ ಮತ್ತು ಹೊಸ ಮನೆಯ ಕರಾರು, ಸಾಗಣೆಯ ರಸೀದಿಗಳನ್ನು ಒಂದೇ ಕಡತದಲ್ಲಿ ಇಡುವುದು. ಕಂಪನಿಯ ಸಂಬಳ ವಿಭಾಗಕ್ಕೆ ಹೊಸ ವಿಳಾಸವನ್ನು ಲಿಖಿತವಾಗಿ ತಿಳಿಸಿ ಹೊಸ ರಾಜ್ಯದ ತೆರಿಗೆ ಕಡಿತದ ನಮೂನೆ ತುಂಬುವುದು. ಇಷ್ಟಾದರೆ ಮರುವರ್ಷದ ಏಪ್ರಿಲ್‌ನಲ್ಲಿ ಎರಡು ರಾಜ್ಯಗಳ ಲೆಕ್ಕ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

(ಇಲ್ಲಿ ನೀಡಿರುವುದು ಸಾಮಾನ್ಯ ಮಾಹಿತಿ. ದರ, ನಮೂನೆ ಮತ್ತು ಗಡುವುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ರಿಟರ್ನ್ ಸಲ್ಲಿಸುವ ಮುನ್ನ ಆಯಾ ರಾಜ್ಯದ ತೆರಿಗೆ ಇಲಾಖೆಯ ಆ ವರ್ಷದ ಸೂಚನೆಗಳನ್ನು ನೋಡುವುದು ಅಥವಾ ಅರ್ಹ ಲೆಕ್ಕ ಪರಿಶೋಧಕರನ್ನು ಸಂಪರ್ಕಿಸುವುದು ಒಳಿತು.)